ಹಾಡ್ಯಾನೆ ನಮ್ಮೂರ

ಕೈಯಲ್ಲಿದ್ದ ಪೈರಿನ ಕಂತೆ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಇನ್ನೊಂದು ಕಂತೆ ಹಿಂದೆ ಬಂದು ಬಿದ್ದು ಬೆನ್ನಿಗೆಲ್ಲ ಕೆಸರು ಸಿಡಿಯಿತು. ಸಾಲಿನಲ್ಲಿ ನನ್ನ ಕೈ ನಿಧಾನ. ನಮ್ಮ ಬಸರಾಳು ಕಡೆ ರಾಗಿ, ಹುರುಳಿಯ ಹೊಲಗಳು; ನಾಲೆಯ ನೀರು ನಮ್ಮೂರಿಗೆ ಹತ್ತಿರಲಿಲ್ಲ. ಬಗ್ಗಿ, ಬೆರಳ ತುದಿಯಲ್ಲಿ ಪೈರು ಹಿಡಿದು, ಹೆಬ್ಬೆರಳಿನಲ್ಲಿ ಬೇರನ್ನು ಒತ್ತಿ, ಅದು ನಿಂತಿತೋ ಬಿದ್ದಿತೋ ನೋಡದೆ ಹಿಂದಕ್ಕೆ ಹೆಜ್ಜೆಯಿಡುವ ಈ ಕೆಲಸವನ್ನು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಮಳವಳ್ಳಿಯ ಹತ್ತಿರದ ಒಂದು ಊರಿನಲ್ಲಿ, ಯಾರದೋ ಗದ್ದೆಯಲ್ಲಿ ಕಲಿಯುತ್ತಿದ್ದೆ. ಅದು ನಲವತ್ತೆರಡನೆಯ ಇಸವಿಯ ಭಾದ್ರಪದ.

ಸಾಲಿಗೆ ಮುಂದಾಳು ಮರಿತಾಯಮ್ಮ. ಅವಳು ಪದ ಎತ್ತಿಕೊಟ್ಟರೆ ಉಳಿದವರು ಹಿಂದೆ ಹೇಳಬೇಕು. ಪದದ ಓಟಕ್ಕೆ ಕೈ ಓಡುತ್ತದೆ, ಸೊಂಟದ ನೋವು ಮರೆಯುತ್ತದೆ. ಅವತ್ತು ಅವಳು ಗಂಟಲು ಸರಿಮಾಡಿಕೊಂಡು ಎತ್ತಿದ್ದು ಇದು:

ಕಿತ್ತರೆ ಸಾಯೋಲ್ಲ ಕಣವ್ವ ಈ ಪೈರು
ಮತ್ತೊಂದು ಮಡಿಯಾಗೆ ಬೇರ ಬುಡುತಾವೆ
ಹೊತ್ತು ಮೂಡೋ ದಿಕ್ಕ ನೋಡುತಾವೆ

ನನ್ನ ಬೆರಳು ಕೆಸರಿನೊಳಗೇ ನಿಂತುಬಿಟ್ಟಿತು. ಅದು ನಮ್ಮವರು, ನನ್ನ ಗಂಡ, ಕಟ್ಟಿದ ಪದ. ನಮ್ಮ ಮನೆಯ ಜಗಲಿಯ ಮೇಲೆ ಕಟ್ಟಿದ್ದು. ನಾನು ರಾಗಿ ಕೇರುತ್ತಿದ್ದೆ. 'ಬೇರ ಊರುತಾವೆ' ಅನ್ನಲೋ 'ಬೇರ ಬುಡುತಾವೆ' ಅನ್ನಲೋ ಎಂದು ನನ್ನನ್ನು ಕೇಳಿದ್ದರು. 'ಬುಡುತಾವೆ' ಅನ್ನಿ, ಬಾಯಿಗೆ ಸಲೀಸು ಎಂದಿದ್ದೆ. ಆ ಮಾತು ನನಗಿಂತ ಮುಂಚೆ ಇಷ್ಟು ದೂರ ನಡೆದುಕೊಂಡು ಬಂದು, ಕಂಡುಕೇಳದ ಹೆಂಗಸರ ಬಾಯಿಯಲ್ಲಿ ನನಗಾಗಿ ಕಾದಿತ್ತು.

ನಮ್ಮವರು ದೊಡ್ಡ ಓದು ಓದಿದವರಲ್ಲ. ಮೂರನೆಯ ಕ್ಲಾಸು, ಆಮೇಲೆ ಭಜನೆ ಮನೆ. ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿಸಿದ ವರ್ಷ ಅಲ್ಲಿಗೆ ನಡೆದು ಹೋಗಿ, ಜನಸಾಗರ ನೋಡಿ ಬಂದ ಮೇಲೆ ದೇವರ ಪದಗಳ ಜೊತೆಗೆ ಇಂಥವನ್ನೂ ಕಟ್ಟತೊಡಗಿದರು. ಈಗ ಮದ್ದೂರಿನ ಕಡೆ ಯಾರೋ ಟೆಲಿಗ್ರಾಫ್ ತಂತಿ ಕಡಿದಿದ್ದರು. ಕಡಿಯುವ ಮುಂಚಿನ ಸಭೆಯಲ್ಲಿ ಹಾಡಿದ ಪದ ಇದೇ. ಕಡಿದವರು ಸಿಕ್ಕಲಿಲ್ಲ, ಹಾಡು ಕಟ್ಟಿದವನ ಹೆಸರು ಪೋಲೀಸರಿಗೆ ಸಿಕ್ಕಿತು, ಯಾಕೆಂದರೆ ಅದು ಹಾಡಿನಲ್ಲೇ ಇತ್ತು.

ಅವರು ನನ್ನನ್ನು ಈ ಊರಿನಲ್ಲಿದ್ದ ನಮ್ಮ ಚಿಕ್ಕವ್ವ ಚಿಕ್ಕನಂಜಮ್ಮನ ಮನೆಗೆ ಬಿಟ್ಟು, ನಿಡಘಟ್ಟದಾಚೆ ನಿಂತುಹೋಗಿದ್ದ ಒಂದು ಆಲೆಮನೆಯಲ್ಲಿ ಅಡಗಿದ್ದರು. ಆ ಜಾಗ ಗೊತ್ತಿದ್ದದ್ದು ಅವರ ಸ್ನೇಹಿತನೊಬ್ಬನಿಗೆ, ನನಗೆ, ಅಷ್ಟೆ. ಹೊರಡುವಾಗ ಅವರು ಒಂದೇ ಮಾತು ಹೇಳಿದರು. ಈ ಊರಿನಲ್ಲಿ ರಾತ್ರಿ ಶಾಲೆ ನಡೆಸುವ ಮೇಷ್ಟ್ರಿದ್ದಾರಂತೆ, ಅಕ್ಷರ ಕಲಿ. ನಾನೆಲ್ಲಾದರೂ ಒಂದು ಕಡೆ ನಿಂತ ಮೇಲೆ ನನಗೊಂದು ಕಾಗದ ಬರಿ. ಲಕೋಟೆಯ ಮೇಲೆ ನನ್ನ ಹೆಸರು ನಿನ್ನ ಕೈಯಲ್ಲೇ ಬರೆದಿರಬೇಕು. ನಕ್ಕುಕೊಂಡು ಹೇಳಿದರು. ನಾನು ನಗಲಿಲ್ಲ.

ನಮ್ಮಲ್ಲಿ ಹೆಂಗಸು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯಸ್ಸು ಕರಗುತ್ತದೆ. ಮಾವನ ಹೆಸರು, ಭಾವನ ಹೆಸರೂ ಹಾಗೆಯೇ. ಜನಗಣತಿಯವರು ಬಂದರೆ ಪಕ್ಕದ ಮನೆಯವಳನ್ನು ಕರೆದು ಹೇಳಿಸುತ್ತಿದ್ದೆವು. ಅದನ್ನು ಯಾರೂ ಕಲಿಸಿದ್ದಲ್ಲ. ಬಿಸಿ ಪಾತ್ರೆಗೆ ಕೈ ಹಿಂದೆಗೆಯುವ ಹಾಗೆ ನಾಲಿಗೆ ತಾನೇ ಹಿಂದೆಗೆಯುತ್ತಿತ್ತು.

ಮರಿತಾಯಮ್ಮ ಕೊನೆಯ ನುಡಿಗೆ ಬಂದಳು.

ಬಾಡಿದ್ದ ಕಂಡು ನಗಬ್ಯಾಡ ದೊರೆಮಗನೆ
ಮೂಡಲ ಗಾಳಿಗೆ ತಲೆಯೆತ್ತಿ ನಿಲ್ಲುತಾವೆ
ಹಾಡ್ಯಾನೆ ನಮ್ಮೂರ...

ಆ ಸಾಲು ನಮ್ಮವರ ಹೆಸರಿನಲ್ಲಿ ಮುಗಿಯುತ್ತದೆ. ನಾಟಿಯವರ ಸಾಲಿಗೆ ಸಾಲೇ ಅದನ್ನು ಬಾಯಿತುಂಬ ಹಾಡಿತು. 'ನಮ್ಮೂರ' ಎಂದಿದ್ದರಿಂದ ಎಲ್ಲ ಊರಿನವರೂ ಅವನು ತಮ್ಮೂರಿನವನೆಂದೇ ಹಾಡುತ್ತಿದ್ದರು. ನಾನು ಮಾತ್ರ 'ನಮ್ಮೂರ' ತನಕ ಬಂದು ನಿಂತೆ.

ದಿನಾ ಹಾಗೆಯೇ ಆಯಿತು. ಒಂದು ಮಧ್ಯಾಹ್ನ ಗದ್ದೆಯಂಚಿನ ತೆವರಿಯ ಮೇಲೆ ಮುದ್ದೆ ಮುರಿಯುತ್ತ ಮರಿತಾಯಮ್ಮ ನನ್ನ ಮುಖವನ್ನೇ ನೋಡಿ ಕೇಳಿದಳು.

"ಅಲ್ಲ ಕಣಮ್ಮಿ ಹೊಂಬಾಳಿ, ಆ ಎಸ್ರು ಬಂದಾಗ್ಲೆಲ್ಲ ನಿನ್ ಬಾಯ್ಗೆ ಕೆಸ್ರು ಮೆತ್ಕೊತದಾ?"

ನಾನು ಕೆಮ್ಮು ಎಂದೆ. ಅವಳು ಮುದ್ದೆ ನುಂಗಿ, ಕೆಮ್ಮಿಗೆ ಮೆಣಸಿನ ಕಷಾಯ ಕುಡಿಯೆಂದಳು. ಮತ್ತೆ ಕೇಳಲಿಲ್ಲ. ಆದರೆ ಅವತ್ತಿನಿಂದ ಸಾಲಿನಲ್ಲಿ ನನ್ನನ್ನು ತನ್ನ ಎಡಗಡೆಗೇ ನಿಲ್ಲಿಸಿಕೊಂಡಳು.

ಪೋಲೀಸ್ ಜಮೇದಾರ ಕೆಂಪಸಿದ್ದಯ್ಯ ಬಂದದ್ದು ಕೆಳಗಿನ ಗದ್ದೆಗೆ ನಾವು ಇಳಿದ ದಿನ. ಕಪ್ಪು ಕೊಡೆ, ಕಾಲಿಗೆ ಸುತ್ತಿದ ಪಟ್ಟಿ. ಬೂಟು ಕಳಚಿ ತೆವರಿಯ ಮೇಲೆ ಇಟ್ಟು, ಗದ್ದೆಯ ಯಜಮಾನ ದೊಡ್ಡಬೀರಯ್ಯ ಹಾಸಿದ ಕಂಬಳಿಯ ಮೇಲೆ ಕೂತ. ಬೈಯಲಿಲ್ಲ, ಲಾಠಿ ಎತ್ತಲಿಲ್ಲ. ನಮ್ಮವ್ವನೂ ನಾಟಿ ಹಾಕಿ ನನ್ನ ಸಾಕಿದ್ದು, ಹಾಡಿ, ಕೇಳೋಣ ಎಂದ.

ಮರಿತಾಯಮ್ಮ ಮಾದೇಶ್ವರನ ಪದ ಎತ್ತಿದಳು. ಅವನು ತಲೆದೂಗಿ, ಅದಲ್ಲ, ಪೈರಿನ ಪದ ಹೇಳಿ ಎಂದ. ನಮಗೆ ಬರುವುದಿಲ್ಲ ಎಂದರು. ಬೆಳಿಗ್ಗೆ ನಾಲೆ ಏರಿಯ ಮೇಲೆ ನಿಂತು ನಾನೇ ಕೇಳಿದೆನಲ್ಲ, ಚೆನ್ನಾಗಿತ್ತು ಎಂದ.

ಹಾಡಲೇಬೇಕಾಯಿತು. ಅವನು ಹಾಡು ಕೇಳುತ್ತಿರಲಿಲ್ಲ. ಒಂದೊಂದೇ ಬಾಯಿ ನೋಡುತ್ತಿದ್ದ. ನನಗೆ ಆಗ ಅರ್ಥವಾಯಿತು. ಮೇಲಿನ ಸಾಹೇಬರಿಗೆ ಹೊಳೆಯದ ಉಪಾಯ ಇವನಿಗೆ ಹೊಳೆದಿತ್ತು, ಯಾಕೆಂದರೆ ಇವನೂ ನಮ್ಮಂಥವಳ ಹೊಟ್ಟೆಯಲ್ಲೇ ಹುಟ್ಟಿದವನು. ಹಾಡಿದವನ ಹೆಂಡತಿ ಮಳವಳ್ಳಿ ಕಡೆ ಕೂಲಿಗೆ ಹೋಗಿದ್ದಾಳೆ ಎಂದಷ್ಟೇ ಅವನಿಗೆ ಗೊತ್ತಿತ್ತು; ಅವಳ ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ನಾಟಿಯ ಕಾಲದಲ್ಲಿ ಹೊಸ ಮುಖಗಳು ಎಲ್ಲ ಗದ್ದೆಯಲ್ಲೂ ಇರುತ್ತವೆ. ಗೊತ್ತಿದ್ದದ್ದು ಒಂದೇ, ಅವಳು ಎಲ್ಲಿ ಬಾಯಿ ಮುಚ್ಚುತ್ತಾಳೆ ಎಂಬುದು. ಅವಳು ಸಿಕ್ಕರೆ ಆಲೆಮನೆ ಸಿಗುತ್ತದೆ.

ಕೊನೆಯ ಸಾಲು ಬರುವಷ್ಟರಲ್ಲಿ ಮರಿತಾಯಮ್ಮ ಕಾಲು ಜಾರಿದವಳಂತೆ ನನ್ನ ಮೇಲೆ ಬಿದ್ದಳು. ಇಬ್ಬರೂ ಕೆಸರಿನಲ್ಲಿ ಕೂತೆವು. ಹಾಡು ನಿಂತು ಎಲ್ಲರೂ ನಕ್ಕರು. ಜಮೇದಾರನೂ ನಕ್ಕ. ಬೂಟು ಹಾಕಿಕೊಳ್ಳುತ್ತ, ಸಾಲಿನಲ್ಲಿ ಯಾರ ದನಿ ಯಾವುದೆಂದು ತಿಳಿಯುವುದಿಲ್ಲ, ನಾಳೆ ಬರುತ್ತೇನೆ, ಒಬ್ಬೊಬ್ಬರೇ ಹೇಳಿ ಎಂದ. ಯಾರೂ ನಾಳೆ ಕೆಲಸ ತಪ್ಪಿಸಬೇಡಿ ಎಂದೂ ಹೇಳಿ ಹೋದ.

ಸಂಜೆ ಚಿಕ್ಕವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ರಾತ್ರೋರಾತ್ರಿ ಹೊರಟುಬಿಡಲೇ ಎಂದು ಕೇಳಿದೆ.

"ನೀನ್ ಒಂಟೋಗ್ಬುಟ್ರೆ ನೀನೇ ಅಂತ ಗೊತ್ತಾಯ್ತದಲ್ಲವ್ವ. ಎಸ್ರೇಳ್ಬುಡು. ಒಂದ್ಸಲ ತಾನೆ? ಮಾರಮ್ಮಂಗೆ ತಪ್ಪು ಕಾಣ್ಕೆ ಕಟ್ಟನ."

ಅವಳು ಹೇಳಿದ್ದು ಸರಿಯೇ. ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ನಿಂತೆ. ಬಾಯಿ ತೆರೆದೆ. ಉಸಿರು ಬಂತು, ಹೆಸರು ಬರಲಿಲ್ಲ. ಎಮ್ಮೆ ಮೆಲುಕು ಹಾಕುತ್ತ ನನ್ನನ್ನೇ ನೋಡಿತು. ಅವರಿಗೆ ಆ ಆಲೆಮನೆಯಲ್ಲಿ ಹಾವು ಕಚ್ಚಿದ ಹಾಗೆ, ಚಳಿಜ್ವರ ಬಂದು ಒಬ್ಬರೇ ನರಳುತ್ತಿರುವ ಹಾಗೆ ಕಣ್ಣಿಗೆ ಕಟ್ಟಿತು. ಹೇಳಿದರೆ ಆಯಸ್ಸು ಹೋಗುತ್ತದೆ. ಹೇಳದಿದ್ದರೆ ಪೋಲೀಸರು ಅಲ್ಲಿಗೆ ಹೋಗುತ್ತಾರೆ. ಎರಡರ ನಡುವೆ ನನ್ನ ನಾಲಿಗೆ.

ದೀಪ ಹಚ್ಚಿದ ಮೇಲೆ ಎಂದಿನಂತೆ ಮಾರಮ್ಮನ ಗುಡಿ ಜಗಲಿಯ ಶಾಲೆಗೆ ಹೋದೆ. ಶಿವಯ್ಯ ಮೇಷ್ಟ್ರು ಒತ್ತಕ್ಷರ ತಿದ್ದಿಸುತ್ತಿದ್ದರು. ನಾನು ಸ್ಲೇಟಿನ ಮೇಲೆ ಅವರ ಹೆಸರಿನ ಮೊದಲ ಅಕ್ಷರ ಬರೆದೆ. ಬರೆದು, ಬೇರೆಯವರು ನೋಡುವ ಮುಂಚೆ ಅಂಗೈಯಲ್ಲಿ ಒರೆಸಿದೆ. ಅಂಗೈ ಬೆಳ್ಳಗಾಯಿತು. ಅದನ್ನು ಸೀರೆಗೆ ಒರೆಸಿಕೊಳ್ಳಲೂ ಭಯವಾಯಿತು.

ಮಾರನೆಯ ದಿನ ಬಿಸಿಲು ಚುರುಕಾಗಿತ್ತು. ಜಮೇದಾರ ಕೊಡೆ ಬಿಚ್ಚಿ ಕೂತ. ನಮ್ಮನ್ನು ತೆವರಿಯ ಉದ್ದಕ್ಕೆ ನಿಲ್ಲಿಸಿದರು. ಕೈಕಾಲು ತೊಳೆಯಲೂ ಬಿಡಲಿಲ್ಲ. ಕೊನೆಯ ಒಂದು ಸಾಲು ಸಾಕು, ಒಬ್ಬೊಬ್ಬರೇ ಎಂದ. ನಾನು ನಿರ್ಧಾರ ಮಾಡಿಕೊಂಡಿದ್ದೆ. ಹೇಳಿಬಿಡುತ್ತೇನೆ. ಕಣ್ಣು ಮುಚ್ಚಿಕೊಂಡು ಹೇಳಿಬಿಡುತ್ತೇನೆ. ಕಿವಿಯಲ್ಲಿ ನಾಲೆಯ ತೂಬು ತೆರೆದಂತೆ ಸದ್ದು.

ಮೊದಲು ಮರಿತಾಯಮ್ಮ. ಅವಳು ದೊಡ್ಡ ದನಿಯಲ್ಲಿ 'ಹಾಡ್ಯಾನೆ ನಮ್ಮೂರ' ಎಂದು ಎತ್ತಿ ಅಲ್ಲಿಗೇ ನಿಲ್ಲಿಸಿದಳು. ಸೆರಗು ತಲೆಯ ಮೇಲೆಳೆದು ನೆಲ ನೋಡಿದಳು.

"ಯಾಕೆ ನಿಲ್ಸ್ದೆ?" ಎಂದ ಜಮೇದಾರ.

"ಅಯ್, ಅದು ನಮ್ ಯಜಮಾನ್ರ ಎಸ್ರು ಕಣಪ್ಪ. ಎಂಗೇಳ್ಳಿ?"

ನನಗೆ ಕಕ್ಕಾಬಿಕ್ಕಿಯಾಯಿತು. ಅವಳ ಗಂಡ ಮುದ್ದಯ್ಯ ಆಗ ನೂರು ಗಜ ದೂರದಲ್ಲಿ ಎತ್ತಿನ ಹಿಂದೆ ಮಡಿ ಹೊಡೆಯುತ್ತಿದ್ದ. ದೊಡ್ಡಬೀರಯ್ಯ ಬಾಯಿ ತೆರೆದವನು, ಮರಿತಾಯಮ್ಮನ ಒಂದು ನೋಟಕ್ಕೆ ಮುಚ್ಚಿಕೊಂಡ. ಈ ನಾಟಿ ಅರ್ಧಕ್ಕೆ ನಿಂತರೆ ಅವನ ಪೈರು ಸಸಿ ಬೆಳೆಸಿದ ಒಟ್ಲಿನಲ್ಲೇ ಬಲಿತುಹೋಗುತ್ತಿತ್ತು.

ಎರಡನೆಯವಳು ಪುಟ್ಟಮಾದಮ್ಮ, ಗಂಡ ಸತ್ತು ವರ್ಷಗಳಾಗಿದ್ದ ಮುದುಕಿ. ಅವಳೂ 'ನಮ್ಮೂರ' ತನಕ ಬಂದು ನಿಂತು, ಕೆಸರು ಕೈಯಲ್ಲೇ ಮೇಲಕ್ಕೆ ಕೈಮುಗಿದು, ಹೋದವರ ಹೆಸರನ್ನು ಈಗ ಹೇಳಿಸಬೇಡಪ್ಪ ಎಂದಳು. ಅವಳ ಪಕ್ಕದಲ್ಲಿ ಹೊಸ ಸೊಸೆ ಚಲುವಮ್ಮ. ಅವಳು ಮಾವನ ಹೆಸರು ಎಂದಷ್ಟೇ ಅಂದಳು. ಮುಂದಿನವಳಿಗೆ ಭಾವ. ಅದರ ಮುಂದಿನವಳಿಗೆ ಗಂಡ. ಯಾರೂ ಯಾರೊಂದಿಗೂ ಮಾತಾಡಿಕೊಂಡಿರಲಿಲ್ಲ, ಇದು ನನಗೆ ಗೊತ್ತು. ಬೆಳಗಿನಿಂದ ಎಲ್ಲರ ಜೊತೆಗಿದ್ದೆ. ಮೊದಲನೆಯವಳು ಹೆಜ್ಜೆಯಿಟ್ಟಲ್ಲಿ ಉಳಿದವರು ಹೆಜ್ಜೆಯಿಡುವುದು ನಾಟಿಯವರ ಅಭ್ಯಾಸ, ಅಷ್ಟೆ.

ಜಮೇದಾರನ ಕತ್ತು ಕೆಂಪಾಗುತ್ತ ಬಂತು. ನನ್ನ ಮುಂದೆ ನಿಂತಾಗ ಅವನ ಉಸಿರಿನ ಬೀಡಿ ವಾಸನೆ ಬಡಿಯಿತು.

ಬಾಯಿ ತೆರೆದೆ. 'ಹಾಡ್ಯಾನೆ ನಮ್ಮೂರ' ಎಂದೆ. ಹೆಸರು ನಾಲಿಗೆಯ ಬುಡದಲ್ಲಿ ಕೂತಿತ್ತು.

"ನಿಂದೂ ಅದೇನಾ?"

"ನಮ್ ಯಜಮಾನ್ರದೂ ಅದೇಯಾ," ಎಂದೆ.

ಆ ತೆವರಿಯ ಮೇಲೆ ಅವತ್ತು ನಿಜ ಹೇಳಿದವಳು ನಾನೊಬ್ಬಳೇ. ಅವನು ಬೇರೆಯವರ ಮುಂದೆ ನಿಂತದ್ದಕ್ಕಿಂತ ನನ್ನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತ. ನನ್ನ ಕೈ ನೋಡಿದ. ಬೇರೆಯವರ ಉಗುರುಗಳು ಕೆಸರಿನಲ್ಲಿ ಹಳದಿಗಟ್ಟಿ ಗಟ್ಟಿಯಾಗಿದ್ದವು, ನನ್ನವು ಹಾಗಿರಲಿಲ್ಲ. ಆಮೇಲೆ ಸಾಲಿನ ಕಡೆ ತಿರುಗಿದ.

"ಒಬ್ಬನ್ಗೆ ಇಷ್ಟು ಜನ ಎಂಡ್ರಾ?"

"ಊರೂರ್ಗೂ ಒಬ್ಬೊಬ್ಬ ಅವ್ನೆ ಕಣಪ್ಪ," ಎಂದಳು ಮರಿತಾಯಮ್ಮ. "ನಮ್ಮನ್ನೆಲ್ಲ ಇಡ್ಕೊಂಡೋಗು ಬೇಕಾರೆ. ಪೈರು ನಿಮ್ ಸಾಯೇಬ್ರು ಬಂದು ನೆಡ್ಲಿ."

ಅವನು ಕೊಡೆ ಮಡಿಸಿದ. ನಾಟಿ ಮುಗಿದ ಮೇಲೆ ಬರುತ್ತೇನೆ ಎಂದು ಯಾರ ಮುಖವನ್ನೂ ನೋಡದೆ ಹೇಳಿ ಹೋದ. ನಾನೇ ಅವಳೆಂದು ಗೊತ್ತಾಗಿ ಹಾಗೆ ಹೇಳಿದನೋ, ಗೊತ್ತಾಗದೆ ಹೇಳಿದನೋ ನನಗೆ ಇವತ್ತಿಗೂ ತಿಳಿಯದು. ಅವನು ಮತ್ತೆ ಬರಲಿಲ್ಲ. ಆದರೆ ನಾಟಿ ಮುಗಿಯುವ ತನಕ ಏರಿಯ ಮೇಲೆ ಯಾರ ಕೊಡೆ ಕಂಡರೂ ನನ್ನ ಕೈ ನಿಲ್ಲುತ್ತಿತ್ತು.

ಮರಿತಾಯಮ್ಮ ಈ ವಿಷಯ ನನ್ನ ಹತ್ತಿರ ಎತ್ತಲೇ ಇಲ್ಲ. ಮುದ್ದಯ್ಯ ಮಾತ್ರ ಊರೆಲ್ಲ, ನನ್ನ ಹೆಂಡತಿ ತೆವರಿಯ ಮೇಲೆ ಇನ್ನೊಬ್ಬನ್ನ ಕಟ್ಟಿಕೊಂಡಳು ಎಂದು ಹೇಳಿಕೊಂಡು ತಿರುಗಿದ.

ಮಹಾನವಮಿಯ ಹೊತ್ತಿಗೆ ನಮ್ಮವರು ತಾವಾಗಿಯೇ ಹೊರಬಂದರು. ಜೊತೆಯವರನ್ನೆಲ್ಲ ಹಿಡಿದ ಮೇಲೆ ತಾನೊಬ್ಬನೇ ಬೆಚ್ಚಗಿರಲಾರೆನೆಂದು ಮದ್ದೂರಿನ ಬೀದಿಯಲ್ಲಿ ಹಾಡಿಕೊಂಡು ಬಂದು ಸೆರೆಯಾದರೆಂದು ಮೇಷ್ಟ್ರು ಪೇಪರು ನೋಡಿ ಹೇಳಿದರು. ಮೇಷ್ಟ್ರಿಗೆ ಆಗ ನಾನು ಯಾರೆಂದು ಹೇಳಿದೆ. ಅವರು ಜೈಲಿನ ವಿಳಾಸ ವಿಚಾರಿಸಿ ತಂದುಕೊಟ್ಟರು.

ಕಾಗದ ಬರೆಯಲು ನನಗೆ ಬಹಳ ದಿನ ಹಿಡಿಯಿತು. ಬರೆದದ್ದು ಇಷ್ಟೇ: 'ಪೈರು ಕಚ್ಚಿ ನಿಂತಿತು. ನಾನು ಚೆನ್ನಾಗಿದ್ದೇನೆ. ನೀವು ಹೇಳಿದ ಹಾಗೆ ಅಕ್ಷರ ಕಲಿತೆ. ಇದು ನನ್ನ ಕೈ ಬರಹ.' ಲಕೋಟೆಯ ಮೇಲೆ ಜೈಲಿನ ಹೆಸರು, ಊರು, ಎಲ್ಲ ಬರೆದೆ. ಮೇಲಿನ ಸಾಲು ಖಾಲಿ ಬಿಟ್ಟೆ. ಅದನ್ನು ಮೇಷ್ಟ್ರಿಂದ ಬರೆಸಬಹುದಾಗಿತ್ತು. ಆದರೆ ನಮ್ಮವರು ಕೇಳಿದ್ದು ನನ್ನ ಕೈಯಲ್ಲಿ. ಅಷ್ಟರಲ್ಲೇ ಜೈಲಿನಿಂದ ಬಿಡುಗಡೆಯಾಗಿ ಬಂದ ಒಬ್ಬ, ಒಳಗೆ ಜ್ವರ ಎದ್ದಿದೆ, ನೆಲದ ಮೇಲೆ ಸಾಲಾಗಿ ಮಲಗಿದ್ದಾರೆ ಎಂದು ಸುದ್ದಿ ತಂದ. ಇಂಥ ಹೊತ್ತಿನಲ್ಲಿ ನಾನು ಹೆಸರು ಬರೆಯುವುದೇ? ಲಕೋಟೆಯನ್ನು ರಾಗಿ ತುಂಬುವ ಮಣ್ಣಿನ ವಾಡೆಯೊಳಗೆ ಇಟ್ಟೆ. ಪ್ರತಿ ದಿನ ರಾಗಿ ತೆಗೆಯುವಾಗ ಬೆರಳಿಗೆ ತಗಲುತ್ತಿತ್ತು. ತಿಂಗಳುಗಳು ಹಾಗೆ ಹೋದವು.

ಕುಯ್ಲು ಬಂತು. ಬೆಳೆದು ಬಾಗಿದ ಅದೇ ಗದ್ದೆಗೆ ಕುಡುಗೋಲು ಹಿಡಿದು ಇಳಿದೆವು. ಬೇರೆ ಊರಿನಿಂದಲೂ ಹುಡುಗಿಯರು ಬಂದಿದ್ದರು. ಮರಿತಾಯಮ್ಮ ಪೈರಿನ ಪದ ಎತ್ತಿದಳು, ಎಲ್ಲರೂ ಹಿಂದೆ ಹೇಳಿದರು. 'ಹಾಡ್ಯಾನೆ ನಮ್ಮೂರ' ಎಂದು ಬಂದು ನಿಂತರು. ಇಡೀ ಗದ್ದೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಮೊದಲಿನಿಂದ ಶುರುಮಾಡಿತು. ಆ ದಿನದ ಮೇಲೆ ನಮ್ಮ ಸಾಲಿನವರು ಅದನ್ನು ಹಾಗೆಯೇ ಹಾಡುತ್ತ ಬಂದಿದ್ದರು; ನನಗದು ರಕ್ಷೆಯ ಹಾಗೆ ಕಂಡಿತ್ತು. ಆದರೆ ಈ ಹೊಸ ಹುಡುಗಿಯರೂ ನಿಂತರಲ್ಲ?

ನನ್ನ ಪಕ್ಕದವಳನ್ನು, ಇನ್ನೂ ಮದುವೆಯಾಗದ ಹುಡುಗಿ, ಯಾಕೆ ನಿಲ್ಲಿಸಿದೆ ಎಂದು ಕೇಳಿದೆ.

"ಅಷ್ಟೇಯಾ ಕಣಕ್ಕ ಅದಿರಾದು. ನಮ್ಮೂರಲ್ಲೂ ಇಂಗೇ ಏಳ್ತಾರೆ."

"ಯಾರು ಕಟ್ಟಿದ್ದು ಇದ?"

"ಯಾರೋ," ಎಂದು ಅವಳು ಭತ್ತದ ಹಿಡಿ ಕುಯ್ದು ಪಕ್ಕಕ್ಕಿಟ್ಟಳು.

ನಾನು ಅಲ್ಲೇ ನೆಟ್ಟಗಾದೆ. ಅವರು ಬದುಕಿರಲೆಂದು ನಾವು ನುಂಗಿಕೊಂಡ ಹೆಸರು ಊರೂರಿನಿಂದ ಅಳಿಸುತ್ತ ಹೋಗುತ್ತಿತ್ತು. ನಾಲೆಯ ಉದ್ದಕ್ಕೂ ಸಾವಿರ ಬಾಯಿ ಅದನ್ನು ಹೇಳುತ್ತಿದ್ದಾಗ ಅವರಿಗೆ ಏನೂ ಆಗಿರಲಿಲ್ಲ. ಈಗ ಯಾರೂ ಹೇಳುತ್ತಿಲ್ಲ. ಅವರು ಆ ಜೈಲಿನ ನೆಲದ ಮೇಲೆ ಮಲಗಿ, ಒಂದು ಕಾಗದವಾದರೂ ಬರುತ್ತದೆಂದು ಕಾಯುತ್ತಿದ್ದಾರೆ. ಆಯಸ್ಸು ಹೀಗೂ ಕರಗಬಹುದು ಎಂದು ನನಗೆ ಹೊಳೆದದ್ದು ಆಗಲೇ.

ಮನೆಗೆ ಹೋಗಿ ವಾಡೆಯಿಂದ ಲಕೋಟೆ ತೆಗೆದೆ. ರಾಗಿಯ ಧೂಳು ಕೊಡವಿ, ಮೇಷ್ಟ್ರ ಲೇಖನಿ ಎರವಲು ತಂದು, ಮೇಲಿನ ಸಾಲಿನಲ್ಲಿ ಬರೆದೆ. ಕೈ ಬೆವೆತಿತ್ತು. ಕಣ್ಣು ಮುಚ್ಚಲಿಲ್ಲ.

ಸಂತೆಯ ದಿನ ಮಳವಳ್ಳಿಗೆ ನಡೆದೆ. ಮರಿತಾಯಮ್ಮ ಕೋಳಿ ಮಾರುವ ನೆವ ಮಾಡಿಕೊಂಡು ಜೊತೆಗೆ ಬಂದಳು. ಪೋಸ್ಟಾಫೀಸಿನ ಕಿಟಕಿಯ ಮುಂದೆ ಸಂತೆಯ ಜನ. ಗುಮಾಸ್ತರು ಲಕೋಟೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ ನೋಡಿದರು. ನನ್ನ ಬೆವರಿಗೆ ಶಾಯಿ ಕದಡಿತ್ತು. ವಿಳಾಸ ಸರಿಯಾಗಿದೆ, ಹೆಸರು ಓದಲಾಗುವುದಿಲ್ಲ, ಕೈದಿಯ ಹೆಸರಿಲ್ಲದೆ ಜೈಲಿನಲ್ಲಿ ಕೊಡುವುದಿಲ್ಲ, ಯಾರಿಗಮ್ಮ ಇದು ಎಂದು ಕೇಳಿದರು.

ಮರಿತಾಯಮ್ಮನ ಕಡೆ ತಿರುಗಿದೆ. ಅವಳಿಗೆ ಹೆಸರು ಗೊತ್ತು, ಅವಳು ಹೇಳಬಹುದಿತ್ತು. ಅವಳು ಕೋಳಿಯ ಕಾಲಿನ ಹಗ್ಗ ಬಿಗಿಮಾಡುತ್ತ ನನ್ನ ಕಡೆ ನೋಡಲೇ ಇಲ್ಲ. ಹಿಂದಿನವರು ಬೇಗ ಹೇಳಮ್ಮ ಎಂದು ಗೊಣಗಿದರು.

ಮಾತಿನಲ್ಲಿ ಅದು ಬರುವುದಿಲ್ಲವೆಂದು ನನಗೆ ಗೊತ್ತಾಯಿತು. ಕಿಟಕಿಯ ಕಂಬಿ ಹಿಡಿದುಕೊಂಡೆ. ಸಣ್ಣ ದನಿಯಲ್ಲಿ, ನಾಟಿಯ ರಾಗದಲ್ಲೇ ಹೇಳಿದೆ.

"ಹಾಡ್ಯಾನೆ ನಮ್ಮೂರ ಚಿಕ್ಕಬೋರಯ್ಯ."

ಗುಮಾಸ್ತರು ನನ್ನನ್ನೊಮ್ಮೆ ನೋಡಿ, ಏನೂ ಕೇಳದೆ, ನಾನು ಬರೆದಿದ್ದ ಅಕ್ಷರಗಳ ಮೇಲೆಯೇ ಲೇಖನಿ ಇಟ್ಟು, ನನ್ನ ಗೆರೆಗಳನ್ನೇ ನಿಧಾನವಾಗಿ ದಪ್ಪ ಮಾಡಿದರು. ನನ್ನ ಹಿಂದೆ ಸೊಪ್ಪಿನ ಕುಕ್ಕೆ ಹೊತ್ತು ನಿಂತಿದ್ದ ಯಾರೋ ಹೆಂಗಸು ಆ ಸಾಲನ್ನು ತನ್ನಷ್ಟಕ್ಕೆ ಹೇಳಿಕೊಂಡಳು. ಈ ಸಲ ಅದು ಪೂರ್ತಿಯಾಗಿತ್ತು.

ಮೊಹರು ಬಿತ್ತು. ಅವರು ಕಾಗದವನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಚೀಲ ಬಸ್ಸಿನ ಮೇಲೇರಿ, ಮದ್ದೂರಿನ ರಸ್ತೆಯ ತಿರುವು ದಾಟುವ ತನಕ ನಾವಿಬ್ಬರೂ ಅಲ್ಲೇ ನಿಂತಿದ್ದೆವು.